ಇಂಟರ್ನ್‌ಶಿಪ್, ಅಪ್ರೆಂಟಿಸ್‌ಶಿಪ್ ಅರ್ಜಿ: ಕೋಲಾರ ಜಿಲ್ಲೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್, ಬಿಕಾಂ, ಬಿಎ ಓದುತ್ತಿರುವವರು ಪ್ಲೇಸ್‌ಮೆಂಟ್ ಸೆಲ್ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಕೆಲವಕ್ಕೆ ಒಂದು ಮಾತಿನ ಉತ್ತರ ಸಾಕು, ಕೆಲವಕ್ಕೆ ಸಾಲದು. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಆದರೆ ಮೊದಲನೆಯದನ್ನು ಮಾತ್ರ ಎಲ್ಲರೂ ಓದಿ.

ಸರ್, ಇಂಟರ್ನ್‌ಶಿಪ್, ಅಪ್ರೆಂಟಿಸ್‌ಶಿಪ್, ಟ್ರೈನಿ ಎಲ್ಲಾ ಒಂದೇ ಅಲ್ವಾ?

ಅಲ್ಲ. ಮೂವರಿಗೂ ಗೇಟಿನಲ್ಲಿ ಅದೇ ಐಡಿ ಕಾರ್ಡು, ಅದೇ ಸೇಫ್ಟಿ ಶೂ ಕೊಡಬಹುದು. ಆದರೆ ನಿಮ್ಮ ಹೆಸರಿನಲ್ಲಿ ಇರುವ ಕಾಗದ ಬೇರೆ ಬೇರೆ.

ಇಂಟರ್ನ್‌ಶಿಪ್ ಓದುತ್ತಿರುವಾಗಲೇ ಮಾಡುವುದು. ಅದು ನಿಮ್ಮ ಸಿಲೆಬಸ್ಸಿನ ಭಾಗ, ಅಂಕ ಹಾಕುವುದು ಕಾಲೇಜು. ಕಂಪನಿ ಹಣ ಕೊಡಲೇಬೇಕು ಅಂತ ಇಲ್ಲ. ಅಪ್ರೆಂಟಿಸ್‌ಶಿಪ್ 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ ಬರುವ ತರಬೇತಿ. ಕಂಪನಿಗೂ ನಿಮಗೂ ನಡುವೆ ಲಿಖಿತ ಒಪ್ಪಂದ ಇರುತ್ತದೆ, ಅದು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತದೆ, ಕನಿಷ್ಠ ಸ್ಟೈಪೆಂಡ್ (ತರಬೇತಿ ಭತ್ಯೆ) ಇಷ್ಟು ಅಂತ ನಿಗದಿ ಆಗಿರುತ್ತದೆ. ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿದ ಮೇಲೆ ಹೆಚ್ಚಿನವರು ಹೋಗುವುದು ಇದಕ್ಕೆ.

‘ಟ್ರೈನಿ’ ಅನ್ನುವುದೇ ತೊಂದರೆಯ ಜಾಗ. ಕಂಪನಿ ನೇರವಾಗಿ ತೆಗೆದುಕೊಂಡ ನೌಕರನನ್ನೂ ಮೊದಲ ವರ್ಷ ಟ್ರೈನಿ ಅನ್ನುತ್ತಾರೆ, ಮ್ಯಾನ್‌ಪವರ್ ಏಜೆನ್ಸಿ ಕಳಿಸಿದ ಗುತ್ತಿಗೆ ಹುಡುಗನನ್ನೂ ಟ್ರೈನಿ ಅನ್ನುತ್ತಾರೆ. ಹಾಗಾಗಿ ಯಾರಾದರೂ ‘ಬಾ, ಟ್ರೈನಿಂಗ್ ಇದೆ’ ಅಂದರೆ ಮೊದಲು ಕೇಳಬೇಕಾದದ್ದು ಒಂದೇ: ಲೆಟರ್ ಯಾರ ಲೆಟರ್‌ಹೆಡ್‌ನಲ್ಲಿ ಬರುತ್ತದೆ? ಕಂಪನಿಯದ್ದೋ ಏಜೆನ್ಸಿಯದ್ದೋ? ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ನನ್ನ ಕೋರ್ಸಿಗೆ ಎಷ್ಟು ವಾರ ಮಾಡಬೇಕು?

ನಿಮ್ಮ ಸ್ಕೀಮ್, ಅಂದರೆ ನಿಮ್ಮ ಬ್ಯಾಚಿನ ಪಠ್ಯಕ್ರಮ, ಏನು ಹೇಳುತ್ತದೋ ಅಷ್ಟು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ. ಡಿಪ್ಲೊಮಾದ ಸಿ-20 ಪಠ್ಯಕ್ರಮದವರಿಗೆ ಆರನೇ ಸೆಮಿಸ್ಟರ್ ಇರುವುದೇ ಇದಕ್ಕೆ. ಡಿ.ಫಾರ್ಮಾ ಮುಗಿಸಿದವರು 500 ಗಂಟೆಯ ಪ್ರಾಯೋಗಿಕ ತರಬೇತಿ ಮಾಡಬೇಕು, ಅದೂ ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ. ಬಿಕಾಂ, ಬಿಬಿಎಯಲ್ಲಿ ನೀವು ಸೇರಿದ ವರ್ಷದ ಮೇಲೆ ಬದಲಾಗುತ್ತದೆ. ಸೀನಿಯರ್ ಹೇಳಿದ್ದನ್ನು ನಂಬಬೇಡಿ, ಅವರ ಸಿಲೆಬಸ್ಸೇ ಬೇರೆ ಇರಬಹುದು.

ಯಾವಾಗಿನಿಂದ ಹುಡುಕಬೇಕು?

ಸೆಮಿಸ್ಟರ್ ಶುರುವಾಗಲು ಮೂರು ತಿಂಗಳು ಮುಂಚೆ. ದೊಡ್ಡ ಕಂಪನಿಗಳಲ್ಲಿ ಎಚ್‌ಆರ್ ಒಪ್ಪಿದರೂ ಆ ವಿಭಾಗದ ಮ್ಯಾನೇಜರ್ ಒಪ್ಪಬೇಕು, ಆಮೇಲೆ ಸೇಫ್ಟಿಯವರು ಗೇಟ್ ಪಾಸ್ ಮಾಡಬೇಕು. ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮಾರನೇ ದಿನ ಬಂದು ‘ಸೋಮವಾರದಿಂದ ಶುರು ಮಾಡ್ಬೇಕು ಸರ್’ ಅನ್ನುವವರಿಗೆ ಉಳಿಯುವುದು ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವ ದಾರಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕೋಲಾರದಲ್ಲೇ ಸಿಗುತ್ತಾ, ಇಲ್ಲಾ ಬೆಂಗಳೂರಿಗೇ ಹೋಗಬೇಕಾ?

ಈ ಜಿಲ್ಲೆಯವರಿಗೆ ಒಂದು ವಿಚಿತ್ರ ಅಭ್ಯಾಸ ಇದೆ. ಬೆಂಗಳೂರಿನ ಕಡೆಯವರು ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ ಕೆಲಸಕ್ಕೆ ಬರುತ್ತಾರೆ, ನಾವು ನರಸಾಪುರ ದಾಟಿಕೊಂಡು ಬೆಂಗಳೂರಿಗೆ ಹುಡುಕಿಕೊಂಡು ಹೋಗುತ್ತೇವೆ.

ಹತ್ತಿರದಲ್ಲಿ ಏನಿದೆ ಅಂತ ಮೊದಲು ನೋಡಿ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಇದೆ. ಮೊದಲು ವಿಸ್ಟ್ರಾನ್ ಇದ್ದ, 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡ ಐಫೋನ್ ಜೋಡಣೆ ಘಟಕವೂ ಅಲ್ಲೇ. ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳೂ ಇವೆ. ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಬೆಮೆಲ್ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಮೆಕ್ಯಾನಿಕಲ್, ವೆಲ್ಡಿಂಗ್, ಫಿಟ್ಟರ್ ಟ್ರೇಡಿನವರು ಅದರ ಅಪ್ರೆಂಟಿಸ್ ಪ್ರಕಟಣೆ ಬಂದಾಗ ಬಿಡಬಾರದು.

ಎಲ್ಲರ ಕಣ್ಣೂ ದೊಡ್ಡ ಬೋರ್ಡಿನ ಮೇಲೆ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕಲಿಯುವುದಕ್ಕೆ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ, ಮಧ್ಯಮ ಘಟಕಗಳೇ ಮೇಲು. ದೊಡ್ಡ ಲೈನಿನಲ್ಲಿ ತಿಂಗಳುಗಟ್ಟಲೆ ಒಂದೇ ಸ್ಕ್ರೂ ಕೂರಿಸುತ್ತೀರಿ. ಐವತ್ತು ಜನರ ಘಟಕದಲ್ಲಿ ಬೆಳಿಗ್ಗೆ ಸಿಎನ್‌ಸಿ ಸೆಟ್ಟಿಂಗ್ ನೋಡುತ್ತೀರಿ, ಮಧ್ಯಾಹ್ನ ಕ್ವಾಲಿಟಿಯವರ ಜತೆ ಅಳತೆ ತೆಗೆಯುತ್ತೀರಿ, ಸಂಜೆ ಡಿಸ್ಪ್ಯಾಚ್ ಬಿಲ್ಲು ಯಾಕೆ ವಾಪಸ್ ಬಂತು ಅನ್ನುವ ಜಗಳವನ್ನೂ ಕೇಳುತ್ತೀರಿ. ರೆಸ್ಯೂಮೆಯಲ್ಲಿ ದೊಡ್ಡ ಹೆಸರು ಬೇಕೇ ಬೇಕು ಅನ್ನುವವರ ಆಸೆ ತಪ್ಪಲ್ಲ. ಆದರೆ ಮುಂದಿನ ಇಂಟರ್ವ್ಯೂನಲ್ಲಿ ‘ಅಲ್ಲಿ ಏನ್ ಮಾಡ್ದೆ?’ ಅಂತ ಕೇಳಿದಾಗ ಹೆಸರು ಉತ್ತರ ಕೊಡುವುದಿಲ್ಲ.

ಬೆಂಗಳೂರಿಗೆ ಹೋಗಲೇಬೇಕಾದವರು, ಅಂದರೆ ಸಾಫ್ಟ್‌ವೇರ್, ಡಿಸೈನ್, ಜಾಹೀರಾತು ಕಡೆಯವರು, ರೂಮಿನ ಬಾಡಿಗೆ ಲೆಕ್ಕ ಹಾಕಿಯೇ ಹೊರಡಿ. ಬಂಗಾರಪೇಟೆ, ಮಾಲೂರು ಕಡೆಯವರು ಮಾರಿಕುಪ್ಪಂ ರೈಲಿನ ಸೀಸನ್ ಪಾಸ್ ಮಾಡಿಸಿಕೊಂಡು ಮನೆಯಿಂದಲೇ ಓಡಾಡುವುದು ಇವತ್ತು ನಿನ್ನೆಯದಲ್ಲ.

ನಾನು ಬಿಕಾಂ. ಫ್ಯಾಕ್ಟರಿ ನಮಗೆ ಆಗಲ್ಲ. ನಮಗೇನಿದೆ?

ನಿಮಗಿರುವಷ್ಟು ಜಾಗ ಮೆಕ್ಯಾನಿಕಲ್‌ನವರಿಗೂ ಇಲ್ಲ, ನೀವು ಬಾಗಿಲು ತಟ್ಟುವುದಿಲ್ಲ ಅಷ್ಟೆ.

ಆಡಿಟರ್ ಕಚೇರಿ ಮೊದಲ ಜಾಗ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸುವ ಗಡುವು ಇರುತ್ತದೆ. ಆ ಹತ್ತು ದಿನ ಅವರಿಗೆ ಕೈ ಸಾಲುವುದಿಲ್ಲ. ಟ್ಯಾಲಿಯಲ್ಲಿ ಖರೀದಿ ಬಿಲ್ಲು ಹಾಕಲು ಬರುವ ಹುಡುಗಿಯನ್ನು ಬೇಡ ಅನ್ನುವವರು ಕಡಿಮೆ. ಜುಲೈ ತಿಂಗಳು ಆದಾಯ ತೆರಿಗೆ ರಿಟರ್ನ್ ಕಾಲ. ಆಗ ಹೋದರೆ ಹೇಳಿಕೊಡಲು ಯಾರಿಗೂ ಪುರಸೊತ್ತು ಇರುವುದಿಲ್ಲ, ಮೇ ತಿಂಗಳಲ್ಲೇ ಸೇರಿ ಕೆಲಸ ಕಲಿತಿರಿ.

ಇನ್ನೊಂದು ನಮ್ಮ ಎಪಿಎಂಸಿ. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿನ ಮಂಡಿಯೊಂದರಲ್ಲಿ ಕುಳಿತು ನೋಡಿ. ಹರಾಜಿನಲ್ಲಿ 15 ಕೆ.ಜಿ. ಬಾಕ್ಸಿಗೆ ರೇಟು ಕೂಗುತ್ತಾರೆ, ರೈಟರ್ ಅದನ್ನು ಬರೆದುಕೊಳ್ಳುತ್ತಾನೆ, ಗೇಣುದ್ದದ ಪಟ್ಟಿ ರೈತನ ಕೈಗೆ ಬರುತ್ತದೆ. ಆ ಪಟ್ಟಿಯಲ್ಲಿ ಬಾಕ್ಸಿನ ಎಣಿಕೆ, ರೇಟು, ಕೂಲಿ, ಲಾರಿ ಬಾಡಿಗೆ, ಮುಂಚೆ ಕೊಟ್ಟ ಅಡ್ವಾನ್ಸ್ ಕಡಿತ, ಕೊನೆಗೆ ಕೈಗೆ ಬರುವ ಮೊತ್ತ. ಅದೇ ದಿನ ಅದೇ ಹಣ್ಣು ಕೊಂಡ ಹೊರರಾಜ್ಯದ ವ್ಯಾಪಾರಿಯ ಖಾತೆಯಲ್ಲಿ ಅದು ಬಾಕಿಯಾಗಿ ಏರುತ್ತದೆ. ಲೆಡ್ಜರ್, ವರ್ಕಿಂಗ್ ಕ್ಯಾಪಿಟಲ್, ಕ್ರೆಡಿಟ್ ರಿಸ್ಕ್ ಅಂತ ಮೂರು ವರ್ಷ ಓದಿದ್ದು ಒಂದು ಚೀಟಿಯಲ್ಲಿ ಇರುತ್ತದೆ. ಹೆಚ್ಚಿನ ಮಂಡಿಗಳಲ್ಲಿ ಲೆಟರ್‌ಹೆಡ್ ಇರುತ್ತದೆ, ಇಂಟರ್ನ್ ಅಂದರೆ ಏನು ಅಂತ ಮಾತ್ರ ಗೊತ್ತಿರುವುದಿಲ್ಲ. ಕಾಲೇಜಿನ ಪತ್ರ ಹಿಡಿದು ಹೋಗಿ ಕೂತು ವಿವರಿಸಿ. ಹರಾಜು ಮುಗಿದ ಮೇಲೆ ಹೋಗಿ. ಹರಾಜಿನ ಹೊತ್ತಲ್ಲಿ ಹೋದರೆ ಬೈಸಿಕೊಳ್ಳುತ್ತೀರಿ.

ಹಾಲು ಒಕ್ಕೂಟ, ಸಹಕಾರ ಬ್ಯಾಂಕು, ಕೋಲ್ಡ್ ಸ್ಟೋರೇಜ್, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ ಕೂಡ ನಿಮ್ಮದೇ. ಬಿಎಯವರು ಸ್ವಯಂಸೇವಾ ಸಂಸ್ಥೆ, ಗ್ರಂಥಾಲಯ, ಸ್ಥಳೀಯ ಪತ್ರಿಕೆ ಕಚೇರಿ ವಿಚಾರಿಸಿ.

ಯಾವ ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು? ತುಂಬಾ ಇದೆಯಲ್ಲ?

ಐಟಿಐ ಮುಗಿಸಿದವರು, ಹತ್ತನೇ ಕ್ಲಾಸಿನ ಮೇಲೆ ಸಣ್ಣ ಕೌಶಲ ಕೋರ್ಸ್ ಮಾಡಿದವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ, ಅಂದರೆ ನ್ಯಾಪ್ಸ್, 2016ರಿಂದ ನಡೆಯುವುದು ಇದರಲ್ಲಿ. ಡಿಪ್ಲೊಮಾ, ಡಿಗ್ರಿ ಮುಗಿಸಿದವರು ನ್ಯಾಟ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಪೋರ್ಟಲ್. ಎಂಜಿನಿಯರಿಂಗ್ ಓದುತ್ತಿರುವವರಿಗೆ ಎಐಸಿಟಿಇ ಇಂಟರ್ನ್‌ಶಿಪ್ ಪೋರ್ಟಲ್. ರಾಜ್ಯದ ಸ್ಕಿಲ್ ಕನೆಕ್ಟ್‌ನಲ್ಲೂ ಒಂದು ಪ್ರೊಫೈಲ್ ಇಟ್ಟಿರಿ, ಉದ್ಯೋಗ ಮೇಳಗಳ ಸುದ್ದಿ ತಿಳಿಯುತ್ತದೆ.

ನೋಂದಣಿ ಮಾಡಿ ಸುಮ್ಮನೆ ಕೂತರೆ ಯಾರೂ ಕರೆಯುವುದಿಲ್ಲ. ಪೋರ್ಟಲ್ ನಂಬರ್ ಸಿಕ್ಕ ಮೇಲೆ ಅದನ್ನು ಹಿಡಿದುಕೊಂಡು ಕಂಪನಿಗೆ ನೀವೇ ಅರ್ಜಿ ಹಾಕಬೇಕು. ಒಂದು ವಿಷಯ ನಿಮ್ಮ ಬಲಕ್ಕೆ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಅಂದರೆ ನೀವು ಕೇಳುತ್ತಿರುವುದು ಭಿಕ್ಷೆ ಅಲ್ಲ, ಅವರಿಗೂ ತುಂಬಿಸಬೇಕಾದ ಲೆಕ್ಕ ಇದೆ.

ಪೋರ್ಟಲ್‌ನಲ್ಲಿ ‘ಹೆಸರು ಹೊಂದಾಣಿಕೆ ಆಗುತ್ತಿಲ್ಲ’ ಅಂತ ಬರ್ತಿದೆ. ಏನ್ ಮಾಡೋದು?

ನಮ್ಮ ಕಡೆಯ ಹಳೇ ಕಾಯಿಲೆ, ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎನ್’, ಆಧಾರ್‌ನಲ್ಲಿ ‘ಎನ್ ಮಂಜುನಾಥ’, ಬ್ಯಾಂಕಿನಲ್ಲಿ ‘ಮಂಜುನಾಥ್ ನಾರಾಯಣಪ್ಪ’. ಕಂಪ್ಯೂಟರಿಗೆ ಇವರು ಮೂರು ಜನ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದು ದೊಡ್ಡ ಕಥೆ, ಆದ್ದರಿಂದ ಅದನ್ನು ಮೂಲ ಅಂತ ಇಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಹೊಂದಿಸಿ, ಆಮೇಲೆ ಬ್ಯಾಂಕ್. ಆಧಾರ್‌ನಲ್ಲಿ ಹೆಸರು ಬದಲಿಸಲು ಎಷ್ಟು ಸಲ ಬೇಕಾದರೂ ಅವಕಾಶ ಇಲ್ಲ, ಒಂದೊಂದು ಅಕ್ಷರವನ್ನೂ ನೋಡಿ ಕೊಡಿ. ಜತೆಗೆ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಸರ್ಕಾರದ ಹಣ ಬರುವಂತೆ ಜೋಡಣೆ) ಆಗಿದೆಯೇ ಅಂತ ಕೌಂಟರಿನಲ್ಲಿ ಕೇಳಿ. ಕೆವೈಸಿಗೆ ಆಧಾರ್ ಕೊಟ್ಟಿದ್ದರೆ ಸೀಡಿಂಗ್ ಆಗಿದೆ ಅಂತ ಅರ್ಥ ಅಲ್ಲ. ಸರ್ಕಾರದ ಪಾಲಿನ ಸ್ಟೈಪೆಂಡ್ ನೇರ ವರ್ಗಾವಣೆಯಲ್ಲಿ ಬರುವುದು ಸೀಡಿಂಗ್ ಆದ ಖಾತೆಗೆ ಮಾತ್ರ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ನಾನು ಹಾಕಬಹುದಾ?

ಹೆಸರು ಇಂಟರ್ನ್‌ಶಿಪ್ ಆದರೂ, ಶುರುವಿನ ನಿಯಮದ ಪ್ರಕಾರ ಕಾಲೇಜಿಗೆ ದಿನಾ ಹೋಗುತ್ತಿದ್ದರೆ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಯೋಜನೆ ಶುರುವಾದಾಗಿನ ನಿಯಮದಂತೆ ವಯಸ್ಸು 21ರಿಂದ 24, ಪೂರ್ಣಾವಧಿ ಓದು ಅಥವಾ ಪೂರ್ಣಾವಧಿ ಕೆಲಸದಲ್ಲಿ ಇರಬಾರದು, ಮನೆಯ ವಾರ್ಷಿಕ ಆದಾಯ 8 ಲಕ್ಷ ದಾಟಬಾರದು, ಮನೆಯಲ್ಲಿ ಕಾಯಂ ಸರ್ಕಾರಿ ನೌಕರರು ಇರಬಾರದು. ದೂರಶಿಕ್ಷಣದಲ್ಲಿ ಓದುವವರು ಹಾಕಬಹುದಿತ್ತು. ಆಗ ಇದ್ದದ್ದು ಹನ್ನೆರಡು ತಿಂಗಳು, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದು ಸಲ 6,000. ಪ್ರತಿ ಸುತ್ತಿಗೂ ನಿಯಮ ತಿದ್ದುವ ಸಾಧ್ಯತೆ ಇರುವುದರಿಂದ ಅರ್ಜಿ ತೆರೆದ ದಿನದ ಪ್ರಕಟಣೆಯನ್ನೇ ಓದಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಹಳೇ ಪೋಸ್ಟರ್ ಓದಬೇಡಿ.

ರೆಸ್ಯೂಮೆಯಲ್ಲಿ ಬರೆಯೋಕೆ ನನ್ನ ಹತ್ರ ಏನೂ ಇಲ್ಲ ಸರ್.

ಈ ಮಾತು ಹೇಳುವವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು, ಅವರ ಬಳಿ ಬರೆಯಲು ಎಲ್ಲರಿಗಿಂತ ಜಾಸ್ತಿ ಇರುತ್ತದೆ. ಎಲೆಕ್ಟ್ರಿಕಲ್ ಓದುವ ಹುಡುಗನೊಬ್ಬ ಹೀಗೇ ತಲೆ ತಗ್ಗಿಸಿ ನಿಂತಿದ್ದ. ತೋಟದಲ್ಲಿ ಏನು ಮಾಡ್ತೀಯಪ್ಪ ಅಂದರೆ, ಬೋರ್‌ವೆಲ್ ಮೋಟರ್ ಸ್ಟಾರ್ಟರ್ ರಿಪೇರಿ ಅವನದೇ ಕೆಲಸವಂತೆ. ರಾತ್ರಿ ಕರೆಂಟು ಬಂದಾಗ ಒಂದು ಫೇಸ್ ಇಲ್ಲದೆ ಮೋಟರ್ ಸುಡಬಾರದು ಅಂತ ಪ್ರಿವೆಂಟರ್ ತಾನೇ ಕೂರಿಸಿದ್ದಾನೆ, ಕಾಂಟ್ಯಾಕ್ಟರ್ ಬದಲಾಯಿಸಿದ್ದಾನೆ, ಕೇಬಲ್ ಜಾಯಿಂಟ್ ಹಾಕುತ್ತಾನೆ. ಅವನ ರೆಸ್ಯೂಮೆಯಲ್ಲಿ ಇದ್ದದ್ದು ‘ಹಾಬಿ: ಕ್ರಿಕೆಟ್, ಹಾಡು ಕೇಳುವುದು’.

ಬೋರ್‌ವೆಲ್ ಪ್ಯಾನೆಲ್ ಕೆಲಸ ಬರೆಯಿರಿ. ಡ್ರಿಪ್ ಲೈನ್ ಹಾಕಿದ್ದು, ಚಿಕ್ಕಪ್ಪನ ವರ್ಕ್‌ಶಾಪಿನಲ್ಲಿ ಬೈಕ್ ಬಿಚ್ಚಿದ್ದು, ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಫ್ಯಾಟ್ ಟೆಸ್ಟ್ ಮಾಡಿದ್ದು, ರೇಷ್ಮೆ ಮನೆಯಲ್ಲಿ ಉಷ್ಣಾಂಶ ನೋಡಿಕೊಂಡದ್ದು, ಎಲ್ಲವೂ ಅನುಭವವೇ. ‘ಮನೆಯ ಜಮೀನಿನಲ್ಲಿ 7.5 ಎಚ್‌ಪಿ ಸಬ್‌ಮರ್ಸಿಬಲ್ ಪಂಪಿನ ಸ್ಟಾರ್ಟರ್ ನಿರ್ವಹಣೆ, ಎರಡು ವರ್ಷ’ ಅಂತ ಒಂದು ಸಾಲು. ಅದನ್ನು ಓದಿದ ಮೇಂಟೆನೆನ್ಸ್ ಮ್ಯಾನೇಜರ್ ನಿಮ್ಮನ್ನು ಕರೆಯದೆ ಇರುವುದು ಕಷ್ಟ.

ಒಂದೇ ಹಾಳೆ ಸಾಕು. ತಂದೆಯ ಹೆಸರು, ಜಾತಿ, ಧರ್ಮ, ಮದುವೆ ಆಗಿದೆಯೋ ಇಲ್ಲವೋ ಬೇಡ. ‘ಮೇಲಿನ ವಿವರಗಳೆಲ್ಲ ಸತ್ಯ’ ಅನ್ನುವ ಘೋಷಣೆಯನ್ನೂ ಬಿಡಬಹುದು, ಯಾರೂ ಸುಳ್ಳು ಅಂದಿಲ್ಲ.

ಹತ್ತು ಕಂಪನಿಗೆ ಮೇಲ್ ಹಾಕಿದೆ, ಒಬ್ಬರೂ ಉತ್ತರ ಕೊಡಲಿಲ್ಲ.

ಏನು ಬರೆದಿರಿ? ‘ಸರ್, ಯಾವುದಾದ್ರೂ ಇಂಟರ್ನ್‌ಶಿಪ್ ಇದ್ರೆ ಹೇಳಿ’ ಅಂತ ಹತ್ತು ಜನಕ್ಕೂ ಒಂದೇ ಮೇಲ್‌ನಲ್ಲಿ ಕಳಿಸಿದರೆ ಉತ್ತರ ಬರುವುದಿಲ್ಲ. ಓದಿದವರಿಗೆ ಮಾಡಲು ಏನೂ ಇಲ್ಲ ಅದರಲ್ಲಿ. ಹೀಗೆ ಬರೆದು ನೋಡಿ:

‘ಮಾನ್ಯರೇ, ನಾನು ಕೋಲಾರದ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ಫೆಬ್ರವರಿಯಿಂದ ಹದಿನಾರು ವಾರ ಇಂಟರ್ನ್‌ಶಿಪ್ ಮಾಡಬೇಕಿದೆ. ನಿಮ್ಮ ವೇಮಗಲ್ ಘಟಕದಲ್ಲಿ ಶೀಟ್ ಮೆಟಲ್ ಪ್ರೆಸ್ ಕೆಲಸ ಇದೆ ಎಂದು ತಿಳಿದು ಬರೆಯುತ್ತಿದ್ದೇನೆ. ಆಟೋಕ್ಯಾಡ್ ಬರುತ್ತದೆ, ಅಳತೆ ಉಪಕರಣ ಬಳಸಿದ್ದೇನೆ. ಕ್ವಾಲಿಟಿ ಅಥವಾ ಟೂಲ್ ರೂಮ್ ವಿಭಾಗದಲ್ಲಿ ಅವಕಾಶ ಇದ್ದರೆ ಮಂಗಳವಾರ ಅಥವಾ ಬುಧವಾರ ಬಂದು ಭೇಟಿ ಆಗಬಲ್ಲೆ. ಕಾಲೇಜಿನ ಪತ್ರ, ರೆಸ್ಯೂಮೆ ಲಗತ್ತಿಸಿದ್ದೇನೆ.’

ಯಾರು, ಯಾವಾಗಿಂದ, ಎಷ್ಟು ದಿನ, ಯಾವ ವಿಭಾಗ ಎಲ್ಲ ಇದೆ. ದೊಡ್ಡ ಕಂಪನಿಗಳಿಗೆ ಇದನ್ನೇ ಇಂಗ್ಲಿಷ್‌ನಲ್ಲಿ ಕಳಿಸಿ. ಸಣ್ಣ ಘಟಕದ ಮಾಲೀಕರಿಗೆ ಕನ್ನಡದಲ್ಲಿ ಕಳಿಸಿದರೂ ನಡೆಯುತ್ತದೆ. ವಾರ ಕಾದು ಒಂದು ಫೋನ್ ಮಾಡಿ. ಅದಕ್ಕೂ ಜಗ್ಗದಿದ್ದರೆ ಗೇಟಿಗೆ ಹೋಗಿ, ಸೆಕ್ಯೂರಿಟಿ ಅಣ್ಣನ ಹತ್ತಿರ ಮರ್ಯಾದೆಯಾಗಿ ಎಚ್‌ಆರ್ ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಕೇಳಿ. ಕೈಗಾರಿಕಾ ಪ್ರದೇಶದಲ್ಲಿ ಎಲ್ಲಿ ಜನ ಬೇಕಾಗಿದೆ ಅನ್ನುವುದು ಯಾವ ಪೋರ್ಟಲ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಕಾಲೇಜಿನಿಂದ ಏನೇನು ಪತ್ರ ಬೇಕು?

ವ್ಯಾಸಂಗ ಪ್ರಮಾಣಪತ್ರ, ಇಂಟರ್ನ್‌ಶಿಪ್‌ಗೆ ಕಳಿಸುತ್ತಿದ್ದೇವೆ ಅನ್ನುವ ಕೋರಿಕೆ ಪತ್ರ, ಕಂಪನಿ ಒಪ್ಪಿದ ಮೇಲೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ). ಪ್ರಿನ್ಸಿಪಾಲರು ರಜೆಯಲ್ಲಿ ಇರುವ ವಾರವೇ ನಿಮಗೆ ಸಹಿ ಬೇಕಾಗುತ್ತದೆ, ಇದು ಪ್ರಕೃತಿ ನಿಯಮ. ಮುಂಚೆಯೇ ಎರಡು ಮೂರು ಪ್ರತಿ ಮಾಡಿಸಿಟ್ಟುಕೊಳ್ಳಿ.

ಇಂಗ್ಲಿಷ್ ಸರಿಯಾಗಿ ಬರಲ್ಲ. ಇಂಟರ್ವ್ಯೂನಲ್ಲಿ ಏನ್ ಕೇಳ್ತಾರೆ?

ಎಚ್‌ಆರ್ ಮುಂದೆ ನಿಮ್ಮ ಪರಿಚಯ ನಾಲ್ಕು ವಾಕ್ಯ ಇಂಗ್ಲಿಷ್‌ನಲ್ಲಿ ಹೇಳಲು ಕಲಿತಿರಿ, ಬಾಯಿಪಾಠ ಆದರೂ ಪರವಾಗಿಲ್ಲ. ಆಮೇಲಿನದು ಶಾಪ್ ಫ್ಲೋರ್. ನಮ್ಮ ಜಿಲ್ಲೆಯ ಶಾಪ್ ಫ್ಲೋರ್‌ನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುತ್ತವೆ, ಈಗ ಹಿಂದಿಯೂ ಸೇರಿಕೊಂಡಿದೆ. ಅಲ್ಲಿ ಸೂಪರ್‌ವೈಸರ್ ಪ್ರಶ್ನೆ ಕೇಳುವುದಕ್ಕಿಂತ ಕೈಗೆ ಕೊಟ್ಟು ನೋಡುವುದೇ ಜಾಸ್ತಿ. ವರ್ನಿಯರ್ ಕ್ಯಾಲಿಪರ್ ಜತೆ ಒಂದು ಪೀಸ್ ಕೊಟ್ಟು ‘ಓದಮ್ಮ’ ಅಂತಾರೆ. ಮುಖ್ಯ ಸ್ಕೇಲು, ವರ್ನಿಯರ್ ಗೆರೆ, 0.02 ಮಿ.ಮೀ. ಲೀಸ್ಟ್ ಕೌಂಟ್ ಅಂತ ಶಾಂತವಾಗಿ ಓದಿದರೆ ಅರ್ಧ ಇಂಟರ್ವ್ಯೂ ಮುಗಿಯಿತು. ಎಲೆಕ್ಟ್ರಿಕಲ್‌ನವರಿಗೆ ಡಿಒಎಲ್ ಸ್ಟಾರ್ಟರ್‌ಗೂ ಸ್ಟಾರ್-ಡೆಲ್ಟಾಗೂ ವ್ಯತ್ಯಾಸ, ಬಿಕಾಂನವರಿಗೆ ಟ್ಯಾಲಿಯಲ್ಲಿ ಒಂದು ಎಂಟ್ರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಗೊತ್ತಿಲ್ಲದೆ ಗೊತ್ತು ಅನ್ನುವ ಹುಡುಗನನ್ನು ಯಾವ ಸೂಪರ್‌ವೈಸರೂ ಮೆಷೀನಿನ ಹತ್ತಿರ ಬಿಡುವುದಿಲ್ಲ.

ಸ್ಟೈಪೆಂಡ್ ಎಷ್ಟು ಕೊಡ್ತಾರೆ?

ಕಾಲೇಜು ಇಂಟರ್ನ್‌ಶಿಪ್ ಆದರೆ ಅವರ ಇಷ್ಟ. ಕೆಲವರು ಊಟ, ಬಸ್ಸು ಮಾತ್ರ ಕೊಡುತ್ತಾರೆ. ಅಪ್ರೆಂಟಿಸ್ ಆದರೆ ಹಾಗಲ್ಲ. 2019ರ ನಿಯಮ ನಿಗದಿ ಮಾಡಿದ ಕನಿಷ್ಠ ಮೊತ್ತ ಹತ್ತನೇ ಕ್ಲಾಸಿನವರಿಗೆ ತಿಂಗಳಿಗೆ 6,000, ಐಟಿಐನವರಿಗೆ 7,000, ಡಿಪ್ಲೊಮಾಗೆ 8,000, ಡಿಗ್ರಿಗೆ 9,000 ರೂಪಾಯಿ. ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15 ಏರಿಕೆ. ಇದು ಕನಿಷ್ಠ, ಹೆಚ್ಚು ಕೊಡಲು ಅಡ್ಡಿ ಇಲ್ಲ. ಈ ಮೊತ್ತ ಪರಿಷ್ಕರಣೆ ಆಗುವಂಥದ್ದು, ಒಪ್ಪಂದಕ್ಕೆ ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಎಷ್ಟಿದೆ ನೋಡಿಕೊಳ್ಳಿ. ನ್ಯಾಪ್ಸ್‌ನಲ್ಲಿ ಶೇ 25, ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರ ಭರಿಸುತ್ತದೆ. ನ್ಯಾಟ್ಸ್‌ನಲ್ಲಿ ಕನಿಷ್ಠ ಮೊತ್ತದ ಅರ್ಧ. ‘ಸರ್ಕಾರದ ದುಡ್ಡು ಬಂದ ಮೇಲೆ ನಮ್ಮದು ಕೊಡ್ತೀವಿ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕಂಪನಿಯ ಪಾಲು ತಿಂಗಳಿಗೆ ತಿಂಗಳು ಬರಬೇಕು.

ರಿಜಿಸ್ಟ್ರೇಷನ್ ಫೀ 1,499 ಕಟ್ಟಿದರೆ ಆನ್‌ಲೈನ್ ಇಂಟರ್ನ್‌ಶಿಪ್ ಕೊಡ್ತಾರಂತೆ. ಕಟ್ಟಲಾ?

ಬೇಡ. ಕೆಲಸ ಕಲಿಸುವವರು ನಿಮ್ಮಿಂದ ದುಡ್ಡು ಕೇಳಿದರೆ ಅದು ಕೋಚಿಂಗ್ ಕ್ಲಾಸು, ಇಂಟರ್ನ್‌ಶಿಪ್ ಅಲ್ಲ. ನಾಲ್ಕು ರೆಕಾರ್ಡ್ ಮಾಡಿದ ವಿಡಿಯೊ, ಒಂದು ಕ್ಲಾಸ್ ಪ್ರಾಜೆಕ್ಟ್, ಬಣ್ಣದ ಸರ್ಟಿಫಿಕೇಟ್, ಅದರ ಮೇಲೆ ದೊಡ್ಡ ಸಂಸ್ಥೆಗಳ ಲೋಗೋಗಳ ಸಾಲು. ವೈವಾದಲ್ಲಿ ‘ನಿನ್ನ ಮೆಂಟರ್ ಯಾರು, ಕಚೇರಿ ಎಲ್ಲಿ?’ ಅಂತ ಹೊರಗಿನ ಪರೀಕ್ಷಕರು ಕೇಳಿದಾಗ ಮುಖ ಬಿಳಿಚುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆನ್‌ಲೈನ್ ಆದದ್ದೆಲ್ಲ ಮೋಸ ಅಂತ ಅಲ್ಲ. ದಿನಾ ಕೆಲಸ ಒಪ್ಪಿಸಿಕೊಳ್ಳುವ, ತಪ್ಪು ತೋರಿಸುವ ಮನುಷ್ಯ ಒಬ್ಬ ಇದ್ದರೆ ಅದೂ ಸರಿಯೇ.

ಸೆಕ್ಯೂರಿಟಿ ಡೆಪಾಸಿಟ್, ಯೂನಿಫಾರ್ಮ್ ದುಡ್ಡು, ಲ್ಯಾಪ್‌ಟಾಪ್ ಕೊರಿಯರ್ ಚಾರ್ಜ್ ಅಂತ ಕೇಳಿ ಯುಪಿಐ ನಂಬರ್ ಕಳಿಸುವವರು ನೇರ ವಂಚಕರು. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು. ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿಯನ್ನು ಯಾರಿಗೂ ಒತ್ತೆ ಇಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಮೂಲ ವಾಪಸ್ ಬ್ಯಾಗಿಗೆ.

ಏಜೆನ್ಸಿಯವರು ‘ಲೈನ್‌ನಲ್ಲಿ ಕೆಲಸ ಮಾಡು, ಇಂಟರ್ನ್‌ಶಿಪ್ ಸರ್ಟಿಫಿಕೇಟೂ ಕೊಡಿಸ್ತೀವಿ’ ಅಂತಾರೆ.

ಮನೆಗೆ ದುಡ್ಡು ಬೇಕಿದ್ದರೆ ಲೈನ್ ಕೆಲಸ ಮಾಡಿ, ಅದರಲ್ಲಿ ಅವಮಾನ ಇಲ್ಲ. ಆದರೆ ಎರಡನ್ನೂ ಬೆರೆಸಬೇಡಿ. ಕಾಲೇಜಿಗೆ ಬೇಕಿರುವುದು ನೀವು ಏನು ಕಲಿತಿರಿ ಅಂತ ಹೇಳಬಲ್ಲ ಕಂಪನಿಯ ಎಂಜಿನಿಯರ್. ಏಜೆನ್ಸಿಯ ಸೀಲ್ ಇರುವ ಸರ್ಟಿಫಿಕೇಟನ್ನು ಕಾಲೇಜಿನ ಗೈಡ್ ಒಪ್ಪದೆ ಇರಬಹುದು. ಗುತ್ತಿಗೆ ಕೆಲಸ ಮಾಡುವುದೇ ಆದರೆ ಗುತ್ತಿಗೆ ಕಾರ್ಮಿಕನಿಗೆ ಸಿಗಬೇಕಾದ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಕೇಳಿ. ‘ಇಂಟರ್ನ್’ ಅನ್ನುವ ಹೆಸರಿನಲ್ಲಿ ಅವೆಲ್ಲ ತಪ್ಪಿಸುವುದೇ ಇಲ್ಲಿನ ಲಾಭ, ಮತ್ತು ಆ ಲಾಭ ನಿಮ್ಮದಲ್ಲ.

ಬ್ಯಾಕ್‌ಲಾಗ್ ಇದೆ. ತಗೋತಾರಾ?

ಇಂಟರ್ನ್‌ಶಿಪ್‌ಗೆ ಹೆಚ್ಚಿನ ಸಣ್ಣ ಕಂಪನಿಗಳು ಕೇಳುವುದೇ ಇಲ್ಲ. ನ್ಯಾಟ್ಸ್‌ಗೆ ಪಾಸಾದ ಪ್ರಮಾಣಪತ್ರ ಬೇಕು. ರೈಲ್ವೆಯ ಐಟಿಐ ಅಪ್ರೆಂಟಿಸ್ ಆಯ್ಕೆ ಹತ್ತನೇ ಕ್ಲಾಸ್ ಮತ್ತು ಐಟಿಐ ಅಂಕಗಳ ಸರಾಸರಿ ಮೇಲೆ ನಡೆಯುತ್ತದೆ, ಅಲ್ಲಿ ಮಾತಿಗೆ ಜಾಗ ಇಲ್ಲ.

ಹುಡುಗಿಯರನ್ನ ಶಿಫ್ಟಿಗೆ ಕಳಿಸೋಕೆ ಮನೇಲಿ ಒಪ್ತಿಲ್ಲ. ಬಸ್ಸು ಹೇಗೆ?

ಮನೆಯವರ ಅನುಮಾನ ಸುಳ್ಳಲ್ಲ, ಅದಕ್ಕೆ ಉತ್ತರ ಕಂಪನಿಯಿಂದಲೇ ತನ್ನಿ. ಶಿಫ್ಟ್ ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ಕಂಪನಿ ಬಸ್ ನಿಮ್ಮ ಊರಿನ ಕ್ರಾಸಿಗೆ ಬರುತ್ತದೋ ಹೈವೇಯಲ್ಲೇ ಇಳಿಸುತ್ತದೋ ಕೇಳಿ. ಹೈವೇಯಿಂದ ಊರಿಗೆ ಮೂರು ಕಿಲೋಮೀಟರ್ ಕತ್ತಲಲ್ಲಿ ನಡೆಯಬೇಕಿದ್ದರೆ ಆ ಬಸ್ಸು ಇದ್ದೂ ಇಲ್ಲದಂತೆ. ಕಾಲೇಜು ಇಂಟರ್ನ್‌ಗಳಿಗೆ ಜನರಲ್ ಶಿಫ್ಟ್ ಕೊಡಿ ಅಂತ ಕೋರಿಕೆ ಪತ್ರದಲ್ಲೇ ಬರೆಸಬಹುದು, ಹೆಚ್ಚಿನವರು ಒಪ್ಪುತ್ತಾರೆ. ಸಾಧ್ಯವಾದರೆ ಒಮ್ಮೆ ಅಪ್ಪನನ್ನೋ ಅಣ್ಣನನ್ನೋ ಗೇಟಿನವರೆಗೆ ಕರೆದುಕೊಂಡು ಹೋಗಿ ತೋರಿಸಿ. ಫೋನಿನಲ್ಲಿ ಹತ್ತು ಸಲ ಹೇಳಿದರೂ ಒಪ್ಪದವರು ಅಲ್ಲಿ ಸಾಲಾಗಿ ಬಸ್ ಇಳಿಯುವ ಹುಡುಗಿಯರನ್ನು ನೋಡಿ ಒಪ್ಪುತ್ತಾರೆ.

ಸರ್ಕಾರಿ ಬಸ್ಸಿನ ವಿಷಯ: ವಿದ್ಯಾರ್ಥಿ ಪಾಸ್ ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ, ಕಂಪನಿಗೆ ನಡೆಯುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸು ಉಚಿತ. ಹುಡುಗರು ಬಸ್ ಚಾರ್ಜ್ ಲೆಕ್ಕ ಹಾಕಿ ಸ್ಟೈಪೆಂಡಿನಿಂದ ಕಳೆಯಿರಿ, ಉಳಿದದ್ದೇ ನಿಮ್ಮ ಸ್ಟೈಪೆಂಡ್.

ಅಪ್ರೆಂಟಿಸ್‌ಗಳಿಂದ ಓವರ್‌ಟೈಮ್ ಮಾಡಿಸಲು ಅಪ್ರೆಂಟಿಸ್‌ಶಿಪ್ ಸಲಹೆಗಾರರ, ಅಂದರೆ ಕಾಯ್ದೆ ಜಾರಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯ, ಒಪ್ಪಿಗೆ ಬೇಕು. ‘ಇವತ್ತೊಂದಿನ ನಿಲ್ಲಪ್ಪ’ ಅನ್ನುವುದು ದಿನಾ ಆದರೆ ಕಾಲೇಜಿಗೆ ಹೇಳಿ.

ಕೆಲಸದ ಜಾಗದಲ್ಲಿ ಗಾಯ ಆದರೆ, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ?

ಅಪ್ರೆಂಟಿಸ್‌ಗೆ ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಕಾಯ್ದೆಯ ಪ್ರಕಾರ ಕಂಪನಿಯದ್ದು. ಕಾಲೇಜು ಇಂಟರ್ನ್‌ಗೆ ಅಷ್ಟು ಸ್ಪಷ್ಟ ರಕ್ಷಣೆ ಇಲ್ಲ. ಹಾಗಾಗಿ ಕಾಲೇಜಿನ ವಿದ್ಯಾರ್ಥಿ ವಿಮೆ ಚಾಲ್ತಿಯಲ್ಲಿದೆಯೇ ಅಂತ ಹೊರಡುವ ಮುಂಚೆ ಕೇಳಿ. ಪ್ರೆಸ್ ಮೆಷೀನಿನ ಗಾರ್ಡ್ ತೆಗೆದು ಕೆಲಸ ಮಾಡು ಅಂದರೆ ಮಾಡಬೇಡಿ, ಸೂಪರ್‌ವೈಸರ್ ಎಷ್ಟೇ ಒಳ್ಳೆಯವರಾಗಿರಲಿ.

ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಟ್ರೈನಿ, ಅಪ್ರೆಂಟಿಸ್‌ಗಳಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಇರುವ ಯಾವುದೇ ಕೆಲಸದ ಜಾಗದಲ್ಲಿ ಆಂತರಿಕ ಸಮಿತಿ ಇರಬೇಕು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಮಿತಿಯೇ ಇಲ್ಲದ ಸಣ್ಣ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಮಹಿಳಾ ಸಹಾಯವಾಣಿ 181. ದೂರು ಕೊಟ್ಟರೆ ಅಂಕ ಹೋಗುತ್ತದೆ ಅನ್ನುವ ಭಯ ಬಿಡಿ, ಅಂಕ ನಮ್ಮ ಕೈಯಲ್ಲಿದೆ. ನಡುವೆ ಕಂಪನಿ ಬದಲಿಸಿಕೊಡುವುದೂ ಕಾಲೇಜಿನಿಂದ ಆಗುವ ಕೆಲಸ.

ಯುವನಿಧಿ ಬರ್ತಿದೆ. ಅಪ್ರೆಂಟಿಸ್ ಸೇರಿದ್ರೆ ನಿಲ್ಲುತ್ತಾ?

ನಿಲ್ಲುತ್ತದೆ. ಯುವನಿಧಿ ರಾಜ್ಯ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ, ಅಪ್ರೆಂಟಿಸ್ ವೇತನ ಪಡೆಯುವವರು ಅದಕ್ಕೆ ಅರ್ಹರಲ್ಲ. ತಿಂಗಳಿಗೆ ಡಿಪ್ಲೊಮಾದ 1,500, ಡಿಗ್ರಿಯ 3,000 ರೂಪಾಯಿ ಉಳಿಸಿಕೊಳ್ಳಲು ಒಂದು ವರ್ಷದ ತರಬೇತಿ ಬಿಡುವುದು ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ. ಸೇರಿದ್ದನ್ನು ಮುಚ್ಚಿಟ್ಟು ಎರಡನ್ನೂ ಪಡೆಯಲು ಹೋಗಬೇಡಿ, ಆಧಾರ್ ಎರಡೂ ಕಡೆ ಒಂದೇ.

ಅಪ್ರೆಂಟಿಸ್ ಮುಗಿದ ಮೇಲೆ ಪರ್ಮನೆಂಟ್ ಮಾಡ್ತಾರಾ?

ಮಾಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಒಪ್ಪಂದದಲ್ಲೇ ಕೆಲಸ ಕೊಡುತ್ತೇವೆ ಅಂತ ಬರೆದಿದ್ದರೆ ಮಾತ್ರ ಕೇಳುವ ಹಕ್ಕು ಇರುತ್ತದೆ. ಕಾಯಂ ಆಸೆ ತೋರಿಸಿ ಕರೆಯುವವರಿಗೆ ‘ಹಾಗಂತ ಒಂದು ಸಾಲು ಬರೆದು ಕೊಡಿ ಸರ್’ ಅನ್ನಿ, ಮಾತು ಎಷ್ಟು ಗಟ್ಟಿ ಅಂತ ತಿಳಿಯುತ್ತದೆ. ಆದರೂ ತರಬೇತಿಯ ಕೊನೆಗೆ ಸಿಗುವ ಪ್ರಮಾಣಪತ್ರಕ್ಕೆ ಬೆಲೆ ಇದೆ, ಸಾರ್ವಜನಿಕ ವಲಯದ ಹಲವು ನೇಮಕಾತಿಗಳಲ್ಲಿ ಅದನ್ನು ಕೇಳುತ್ತಾರೆ.

ಮಧ್ಯದಲ್ಲಿ ಬಿಟ್ಟು ಬರಬಹುದಾ?

ಇಂಟರ್ನ್‌ಶಿಪ್ ಆದರೆ ಗೈಡ್ ಜತೆ ಮಾತಾಡಿ, ಲಿಖಿತವಾಗಿ ತಿಳಿಸಿ ಬನ್ನಿ. ಅಪ್ರೆಂಟಿಸ್‌ಶಿಪ್ ಒಪ್ಪಂದ ಆಗಿರುವುದರಿಂದ ಪೋರ್ಟಲ್‌ನಲ್ಲಿ ಅದನ್ನು ರದ್ದು ಮಾಡಿಸಲೇಬೇಕು. ಹಾಗೇ ಬಿಟ್ಟು ಬಂದರೆ ನಿಮ್ಮ ಪ್ರೊಫೈಲ್ ಹಳೇ ಕಂಪನಿಗೇ ಅಂಟಿಕೊಂಡಿರುತ್ತದೆ, ಇನ್ನೊಂದು ಕಡೆ ಸೇರಲು ಹೋದಾಗ ಗೊತ್ತಾಗುತ್ತದೆ. ಊರ ಜಾತ್ರೆ, ಅಕ್ಕನ ಮದುವೆಗೆ ಬಿಡಬೇಕಿಲ್ಲ, ರಜೆ ಕೇಳಿ. ಕೇಳದೆ ಒಂದು ವಾರ ಕಾಣೆಯಾಗುವವರಿಂದಲೇ ಮುಂದಿನ ವರ್ಷದ ಬ್ಯಾಚಿಗೆ ಆ ಗೇಟು ಮುಚ್ಚುವುದು.

ಡೈರಿ, ರಿಪೋರ್ಟ್ ಸೀನಿಯರ್‌ದು ಕಾಪಿ ಮಾಡಿದ್ರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಸೀನಿಯರ್‌ದನ್ನೂ ನಾವೇ ಓದಿರುತ್ತೇವೆ. ದಿನಾ ಸಂಜೆ ಬಸ್ಸಿನಲ್ಲಿ ಫೋನಿನಲ್ಲೇ ಮೂರು ಸಾಲು ಬರೆದಿಡಿ: ಇವತ್ತು ಯಾವ ಮೆಷೀನು, ಏನು ಕೆಟ್ಟಿತು, ಯಾರು ಹೇಗೆ ಸರಿ ಮಾಡಿದರು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ನರಸಾಪುರದ ಕೆಲವು ಕಡೆ ಗೇಟಿನಲ್ಲೇ ಫೋನ್ ಇಟ್ಟು ಹೋಗಬೇಕು, ಆದ್ದರಿಂದ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಪೆನ್ ಇರಲಿ. ಸರ್ಟಿಫಿಕೇಟನ್ನು ಕೊನೆಯ ದಿನವೇ ಕೈಗೆ ತೆಗೆದುಕೊಂಡು, ಹೆಸರು ಮತ್ತು ದಿನಾಂಕ ಸರಿ ಇದೆಯೇ ಅಂತ ಎಚ್‌ಆರ್ ಮೇಜಿನ ಮುಂದೆ ನಿಂತೇ ಓದಿ. ಇನಿಷಿಯಲ್ ಸಮೇತ.